ಹಿತ್ತಲು ಮತ್ತು ಮುಂದಾಲೋಚನೆ

ಮನೆಯ ಮುಂದಿನ ಅಂಗಳಕ್ಕೆ ಸಲ್ಲುವ ಗೌರವ ಹಿಂದಿನ ಹಿತ್ತಲಿಗೆ ಸಲ್ಲುವುದಿಲ್ಲ. ಅಂಗಳವನ್ನು ಸಾರಿಸಿ ರಂಗವಲ್ಲಿ ಇಡುತ್ತೇವೆ. ಬಂದ ಅತಿಥಿಯನ್ನು ಅಲ್ಲಿಯೇ ಎದುರುಗೊಳ್ಳುತ್ತೇವೆ. ಹಿತ್ತಲಾದರೋ ಪಾತ್ರೆ ತೊಳೆಯುವ, ಬಟ್ಟೆ ಒಣಗಿಸುವ, ಒಡೆದ ಮಡಕೆಯನ್ನು ಎಸೆಯುವ ಸ್ಥಳ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯೇ ಈ ಅನಾದರಕ್ಕೆ ಸಾಕ್ಷಿ. ಆದರೂ ಅಡುಗೆಗೆ ಕರಿಬೇವನ್ನೂ ಮಗುವಿನ ಕೆಮ್ಮಿಗೆ ದೊಡ್ಡಪತ್ರೆಯನ್ನೂ ಹಬ್ಬದ ಊಟಕ್ಕೆ ಬಾಳೆಯೆಲೆಯನ್ನೂ ಪೂಜೆಗೆ ತುಲಸಿ ದಾಸವಾಳಗಳನ್ನೂ ತಲೆಮಾರುಗಳಿಂದ ಒದಗಿಸುತ್ತ ಬಂದದ್ದು ಈ ನೆಲವೇ.

ಇಂಥ ಹಿತ್ತಲನ್ನು ಬೆಳೆಸುವ ವಿಷಯದಲ್ಲಿ ನಮ್ಮಲ್ಲಿ ಒಂದು ವಾಡಿಕೆಯುಂಟು. ಚಳಿ ಕಳೆಯಲಿ, ಮಾವು ಚಿಗುರಲಿ, ಯುಗಾದಿ ಬರಲಿ, ಆಗ ಗುದ್ದಲಿ ಹಿಡಿಯೋಣ ಎಂದು ಹೇಳುವವರೇ ಹೆಚ್ಚು. ವಸಂತವು ಋತುಗಳ ರಾಜನಲ್ಲವೇ? ಹೊಸ ವರ್ಷದೊಡನೆ ಹೊಸ ತೋಟವೂ ಆರಂಭವಾಗುವುದು ಸಹಜವಲ್ಲವೇ? ಕೇಳುವುದಕ್ಕೆ ಈ ಮಾತು ಸೊಗಸಾಗಿದೆ. ಆದರೆ ನನ್ನ ಅಭಿಪ್ರಾಯ ಬೇರೆ. ವಸಂತದ ಹಿತ್ತಲನ್ನು ವಸಂತದಲ್ಲಿ ಆರಂಭಿಸುವವನು ತಡಮಾಡಿದವನು. ಅದನ್ನು ಮಾರ್ಗಶಿರ ಪುಷ್ಯ ಮಾಸಗಳ ಚಳಿಯಲ್ಲಿಯೇ ಯೋಚಿಸಬೇಕು, ಅಳೆಯಬೇಕು, ಕಾಗದದ ಮೇಲೆ ಬರೆಯಬೇಕು. ಹಾಗೆ ಬರೆಯುವಾಗ ಮೊತ್ತಮೊದಲು ಬರೆಯಬೇಕಾದದ್ದು ಗಿಡಗಳ ಹೆಸರನ್ನಲ್ಲ, ನೀರಿನ ಲೆಕ್ಕವನ್ನು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ನಮ್ಮ ವಸಂತದ ಸ್ವಭಾವವನ್ನು ಅರಿಯಬೇಕು. ಯೂರೋಪಿನ ಶೀತದೇಶಗಳಲ್ಲಿ ಚಳಿಗಾಲದ ನೆಲ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಅಲ್ಲಿಯ ತೋಟಗಾರನು ಬೀಜದ ಪಟ್ಟಿಗಳನ್ನು ಮುಂದಿಟ್ಟುಕೊಂಡು ಬೆಂಕಿಯ ಬಳಿ ಕುಳಿತು, ಹಿಮ ಕರಗುವ ದಿನವನ್ನೇ ಕಾಯುತ್ತಾನೆ. ಅಲ್ಲಿ ವಸಂತವೆಂದರೆ ನೆಲಕ್ಕೆ ಬಿಡುಗಡೆ. ನಮ್ಮ ನಾಡಿನ ಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಕರ್ನಾಟಕದ ಬಯಲುಸೀಮೆಯಲ್ಲಿ ಚಳಿಗಾಲವೇ ಗಿಡಗಳಿಗೆ ಸೌಮ್ಯವಾದ ಕಾಲ. ಕೋಸು, ಮೂಲಂಗಿ, ಕೊತ್ತಂಬರಿ, ಅವರೆ ಇವೆಲ್ಲವೂ ಆಗಲೇ ನಳನಳಿಸುತ್ತವೆ. ಚೈತ್ರ ವೈಶಾಖಗಳು ಹೂವನ್ನು ತರುವಂತೆಯೇ ಬಿಸಿಲನ್ನೂ ತರುತ್ತವೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ತಿಂಗಳೊಂದರಲ್ಲಿಯೇ ಸರಾಸರಿ ಸುಮಾರು 20 ಸೆಂಟಿಮೀಟರ್ ಮಳೆಯಾಗುತ್ತದೆ. ಜನವರಿ ಫೆಬ್ರವರಿಗಳೆರಡೂ ಕೂಡಿದರೆ ಒಂದು ಸೆಂಟಿಮೀಟರಿನಷ್ಟು ಮಾತ್ರ. ಎಂದರೆ ವಸಂತ ಕಾಲಿಡುವ ಹೊತ್ತಿಗೆ ನೆಲವು ತಿಂಗಳುಗಟ್ಟಲೆ ಮಳೆ ಕಾಣದೆ ಬಾಯಾರಿರುತ್ತದೆ. ಅಂಥ ನೆಲಕ್ಕೆ ಯುಗಾದಿಯ ದಿನ ಬೀಜ ಬಿತ್ತಿ, ಆಮೇಲೆ ನೀರೆಲ್ಲಿ ಎಂದು ಹುಡುಕುವುದು ಬಾಯಾರಿದಾಗ ಬಾವಿ ತೋಡಿದಂತೆ.

ಹಾಗಾದರೆ ಚಳಿಗಾಲದಲ್ಲಿ ಮಾಡಬೇಕಾದ ಯೋಜನೆ ಯಾವುದು? ಮೊದಲನೆಯದು ಬಿಸಿಲು ನೆರಳುಗಳ ಅವಲೋಕನ. ಇದು ಸುಲಭವೆಂದು ತೋರಿದರೂ ಇದರಲ್ಲಿ ಒಂದು ಸೂಕ್ಷ್ಮವಿದೆ. ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಬೆಂಗಳೂರಿನಂಥ ಊರಿನಲ್ಲಿ ಆಗ 10 ಅಡಿ ಎತ್ತರದ ಗೋಡೆಯೊಂದು ನಡುಹಗಲಿನಲ್ಲಿಯೂ ಉತ್ತರಕ್ಕೆ ಸುಮಾರು ಏಳೂವರೆ ಅಡಿ ನೆರಳು ಚೆಲ್ಲುತ್ತದೆ. ಆ ನೆರಳನ್ನು ನೋಡಿ, ಇಲ್ಲಿ ತಂಪು ಬಯಸುವ ಸೊಪ್ಪನ್ನು ಬೆಳೆಯಬಹುದು ಎಂದು ನಿಶ್ಚಯಿಸಿದವನು ಮೋಸಹೋಗುತ್ತಾನೆ. ಏಪ್ರಿಲ್ 24-25ರ ಸುಮಾರಿಗೆ ಅದೇ ಊರಿನಲ್ಲಿ ಸೂರ್ಯನು ನಡುಹಗಲಿಗೆ ನೇರವಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗೆ ನೆರಳೇ ಇರುವುದಿಲ್ಲ. ಕಲಬುರಗಿಯಲ್ಲಿ ಈ ದಿನ ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಬರುತ್ತದೆ. ಆದುದರಿಂದ ಇಂದಿನ ನೆರಳನ್ನು ನೋಡುತ್ತಲೇ ನಾಳಿನ ಬಿಸಿಲನ್ನು ಊಹಿಸಬೇಕು. ನೀವು ಭೂಗೋಳದಲ್ಲಿ ಓದುವ ಉತ್ತರಾಯಣ ದಕ್ಷಿಣಾಯನಗಳು ಪರೀಕ್ಷೆಗೆ ಮಾತ್ರ ಬರುವ ಸಂಗತಿಗಳಲ್ಲ. ಬೆಂಡೆಯ ಪಾತಿ ಎಲ್ಲಿರಬೇಕು, ಬಸಳೆಯ ಚಪ್ಪರ ಎಲ್ಲಿರಬೇಕು ಎಂಬುದನ್ನು ನಿರ್ಣಯಿಸುವುದೂ ಅವೇ. ಬೇಸಗೆಯಲ್ಲಿ ಗಿಡಗಳನ್ನು ಹೆಚ್ಚಾಗಿ ಬಾಡಿಸುವುದು ಪಡುವಣದ ಇಳಿಬಿಸಿಲು. ಹೀರೆ ಹಾಗಲಗಳ ಚಪ್ಪರವನ್ನು ಹಿತ್ತಲಿನ ಪಶ್ಚಿಮಕ್ಕೆ ಹಾಕಿದರೆ ಅದರ ನೆರಳಿನಲ್ಲಿ ಎಳೆಯ ಸಸಿಗಳು ಉಸಿರಾಡುತ್ತವೆ.

ಎರಡನೆಯದು ನೀರಿನ ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್ ಆಗುತ್ತದೆ. ಬೇಸಗೆಯ ದಿನಗಳಲ್ಲಿ ಸೊಪ್ಪು ತರಕಾರಿಗಳ ಪಾತಿಯಿಂದ ದಿನಕ್ಕೆ ಸುಮಾರು ಐದು ಮಿಲಿಮೀಟರ್ ನೀರು ಆವಿಯಾಗಿ ಹೋಗುತ್ತದೆ. ಎಂದರೆ ಹತ್ತು ಚದರ ಮೀಟರಿನ ಪಾತಿಗೆ ದಿನಕ್ಕೆ 50 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಮೂರು ಕೊಡಕ್ಕೂ ಮಿಕ್ಕಿದ ನೀರು. ಮಾರ್ಚಿನಿಂದ ಮೇ ಕೊನೆಯವರೆಗೆ ತೊಂಬತ್ತು ದಿನಗಳಿಗೆ ಇದು 4,500 ಲೀಟರ್ ಆಯಿತು. ಈ ನೀರು ಎಲ್ಲಿಂದ ಬರಬೇಕು?

ಪ್ರಶ್ನೆ ಸಣ್ಣದಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟವು. ಅದರ ಬೆನ್ನಿಗೇ 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕಾಗಲಿ ವಾಹನ ತೊಳೆಯುವುದಕ್ಕಾಗಲಿ ಬಳಸಕೂಡದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿಗಳ ದಂಡವನ್ನು ಗೊತ್ತುಪಡಿಸಿತು. ತೋಟಪ್ರಿಯರು ಕೆಲವರು ಇದನ್ನು ಕಠೋರವೆಂದರು. ನನಗೆ ಹಾಗೆ ತೋರುವುದಿಲ್ಲ. ಬೀದಿಯ ತುದಿಯಲ್ಲಿ ತಾಯಂದಿರು ಕೊಡ ಹಿಡಿದು ಸಾಲುನಿಂತಿರುವಾಗ ನಮ್ಮ ಹಿತ್ತಲಿನ ಹಸುರು ಕುಡಿಯುವ ನೀರಿನಿಂದ ನಳನಳಿಸುವುದಾದರೆ ಆ ಹಸುರಿನಲ್ಲಿ ಸೊಬಗಿಲ್ಲ. ತೋಟವು ಒಳ್ಳೆಯದೇ, ಆದರೆ ಇನ್ನೊಬ್ಬರ ಬಾಯಾರಿಕೆಯ ಮೇಲೆ ಬೆಳೆದ ತೋಟ ಒಳ್ಳೆಯದಲ್ಲ. ಚಳಿಗಾಲದಲ್ಲಿ ಕುಳಿತು ಲೆಕ್ಕ ಹಾಕುವುದು ಜಾಣತನ ಮಾತ್ರವಲ್ಲ, ನೆರೆಹೊರೆಯವರಿಗೆ ನಾವು ಸಲ್ಲಿಸಬೇಕಾದ ನ್ಯಾಯವೂ ಹೌದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಲೆಕ್ಕ ಹಾಕುವ ಬಗೆಯೂ ಕಷ್ಟವಲ್ಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರು ಇವನ್ನು ಒಂದು ವಾರ ಬಕೆಟಿನಲ್ಲಿ ಹಿಡಿದು ಅಳೆಯಿರಿ. ದಿನಕ್ಕೆ 20 ಲೀಟರ್ ಉಳಿಯುವುದಾದರೆ ನಾಲ್ಕು ಚದರ ಮೀಟರಿನ ಪಾತಿಗೆ ಅದು ಸಾಕು. ಐದನೆಯ ಚದರ ಮೀಟರನ್ನು ಅಗೆಯಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಹಣದ ವಿಷಯಕ್ಕೆ ಮಾತ್ರವಲ್ಲ. ಅಕ್ಕಿ ತೊಳೆದ ನೀರನ್ನು ಸೊಪ್ಪಿನ ಪಾತಿಗೆ ಹಾಕಬಹುದು. ಸಾಬೂನಿನ ಅಂಶ ಉಳಿದ ನೀರನ್ನು ಬಾಳೆಯಂಥ ಗಿಡಗಳ ಬುಡಕ್ಕೆ ಹರಿಸುವುದು ಲೇಸು.

ಮೂರನೆಯದು ಮಣ್ಣಿನ ಸಿದ್ಧತೆ. ಹೇಮಂತ ಕಳೆದು ಶಿಶಿರ ಬರುವಾಗ ಹೊಂಗೆ, ಬೇವು, ಹಲಸು ಮೊದಲಾದ ಮರಗಳ ಎಲೆಗಳು ರಾಶಿರಾಶಿಯಾಗಿ ಉದುರುತ್ತವೆ. ಮುಂಜಾನೆ ಅವನ್ನು ಗುಡಿಸಿ ಬೆಂಕಿಯಿಟ್ಟು ಮೈ ಕಾಯಿಸಿಕೊಳ್ಳುವ ದೃಶ್ಯ ನಮ್ಮ ಊರುಗಳಲ್ಲಿ ಸಾಮಾನ್ಯ. ಅರ್ಧ ಗಂಟೆಯ ಬಿಸಿಗಾಗಿ ಆರು ತಿಂಗಳ ಸಾರವನ್ನು ಸುಡುವ ಈ ಅಭ್ಯಾಸವನ್ನು ಬಿಡಬೇಕು. ಡಿಸೆಂಬರಿನ ಆರಂಭದಲ್ಲಿ ಗುಂಡಿಯೊಂದರಲ್ಲಿ ತರಗೆಲೆಯನ್ನೂ ಅಡುಗೆಮನೆಯ ಸಿಪ್ಪೆಯನ್ನೂ ಸ್ವಲ್ಪ ಸಗಣಿಯನ್ನೂ ಪದರಪದರವಾಗಿ ಹಾಕಿ, ತೇವ ಆರದಂತೆ ನೋಡಿಕೊಂಡು, ಆಗಾಗ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ಅದು ಕಪ್ಪಗೆ ಪುಡಿಪುಡಿಯಾದ ಗೊಬ್ಬರವಾಗುತ್ತದೆ. ಮಾರ್ಚ್ ಕೊನೆಗೆ ಬೇಕಾದ ಗೊಬ್ಬರವನ್ನು ಮಾರ್ಚಿನಲ್ಲಿ ಮಾಡಲಾಗದು. ಉಳಿದ ತರಗನ್ನು ಚೀಲದಲ್ಲಿ ತುಂಬಿಡಿ. ಬೇಸಗೆಯಲ್ಲಿ ಗಿಡದ ಬುಡಕ್ಕೆ ಅದನ್ನು ನಾಲ್ಕು ಬೆರಳು ದಪ್ಪ ಹೊದಿಸಿದರೆ ಬಿಸಿಲು ನೇರವಾಗಿ ಮಣ್ಣನ್ನು ಮುಟ್ಟುವುದಿಲ್ಲ. ನಾವು ಕಷ್ಟಪಟ್ಟು ಎರೆದ ನೀರು ಬೇಗ ಆರುವುದೂ ಇಲ್ಲ.

ನಾಲ್ಕನೆಯದು ಗಿಡಗಳ ಆಯ್ಕೆ. ಎಲ್ಲ ಗಿಡಗಳಿಗೂ ಎಲ್ಲ ಕಾಲವೂ ಒಗ್ಗುವುದಿಲ್ಲ. ಬೇಸಗೆಯ ಬಿಸಿಲಿಗೆ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ. ಕಾವು ಮೀರಿದರೆ ಟೊಮೇಟೊ ಹೂಗಳು ಕಾಯಿಕಟ್ಟದೆ ಉದುರುತ್ತವೆ. ಹರಿವೆ, ದಂಟು, ಬಸಳೆ, ಬೆಂಡೆ, ಹೀರೆ, ಹಾಗಲ ಇವು ಬಿಸಿಲನ್ನು ಸಹಿಸುವ, ಬಿಸಿಲನ್ನು ಬಯಸುವ ಗಿಡಗಳು. ವಸಂತದ ಹಿತ್ತಲಿಗೆ ಇವೇ ತಕ್ಕವು.

ಇವುಗಳ ದಿನಗಣನೆಯನ್ನು ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ಮಾಡಬೇಕು. ಯುಗಾದಿ ಸಾಮಾನ್ಯವಾಗಿ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನೊಳಗೆ ಬರುತ್ತದೆ. ಹಬ್ಬದ ದಿನ ಹಿತ್ತಲಿನ ಬೆಂಡೆಕಾಯಿ ಬೇಕೆಂದರೆ, ಬಿತ್ತಿ ನಲವತ್ತೈದು ಐವತ್ತು ದಿನಕ್ಕೆ ಅದು ಕಾಯಿ ಕೊಡುವುದರಿಂದ, ಜನವರಿ ಕೊನೆಗೆ ಅಥವಾ ಫೆಬ್ರವರಿಯಲ್ಲಿಯೇ ಬಿತ್ತಬೇಕು. ಹರಿವೆ ಸೊಪ್ಪಿಗೆ ಒಂದು ತಿಂಗಳು ಸಾಕು. ಬದನೆಯಾದರೆ ಸಸಿಮಡಿಯಲ್ಲಿಯೇ ಒಂದು ತಿಂಗಳಿಗೂ ಮಿಕ್ಕಿ ಇದ್ದು, ನಾಟಿಯಾದ ಮೇಲೆ ಮತ್ತೆರಡು ತಿಂಗಳು ಬೇಡುತ್ತದೆ. ಅದರ ಬೀಜ ಡಿಸೆಂಬರಿನಲ್ಲಿಯೇ ಮಣ್ಣು ಸೇರಬೇಕು. ಇನ್ನು ನುಗ್ಗೆ, ನಿಂಬೆ, ಕರಿಬೇವುಗಳಂಥ ಬಹುಕಾಲ ಬಾಳುವ ಗಿಡಗಳಿಗೆ ಈಗ ಜಾಗವನ್ನು ಮಾತ್ರ ಗುರುತಿಸಿಟ್ಟು, ನೆಡುವುದನ್ನು ಮಳೆಗಾಲಕ್ಕೆ ಬಿಡುವುದು ವಿವೇಕ. ಇಂದು ನೆಡದಿರುವುದೂ ಯೋಜನೆಯ ಒಂದು ಭಾಗವೇ.

ಕಾಲವನ್ನು ನಾವು ಲೆಕ್ಕಿಸದಿದ್ದರೂ ಗಿಡಗಳು ಲೆಕ್ಕಿಸುತ್ತವೆ ಎಂಬುದಕ್ಕೆ ನಮ್ಮ ನಾಡಿನ ಅವರೆಯೇ ನಿದರ್ಶನ. ಚಳಿಗಾಲ ಬಂತೆಂದರೆ ಹಳೆಯ ಮೈಸೂರಿನ ಸಂತೆಗಳಲ್ಲಿ ಸೊಗಡವರೆಯ ವಾಸನೆ ಹಬ್ಬುವುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಈ ನಾಟಿ ಅವರೆಯನ್ನು ವಸಂತದಲ್ಲಿ ಬಿತ್ತಿದರೆ ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಹೂ ಮಾತ್ರ ಬಿಡುವುದಿಲ್ಲ. ಹಗಲು ಕಿರಿದಾಗುವವರೆಗೂ ಅದು ಕಾಯುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯಷ್ಟು. ಆ ಅಂತರವನ್ನು ಕಣ್ಣಿಲ್ಲದ ಬಳ್ಳಿ ಗುರುತಿಸುತ್ತದೆ ಎಂಬುದು ಎಂಥ ಸೋಜಿಗ! ಹಗಲಿನ ಉದ್ದಕ್ಕೆ ಕಾಯದೆ ಹೂಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದೆ; ಅದು ವಿಜ್ಞಾನದ ಸಾಧನೆ. ಆದರೆ ಯಾವ ಬೀಜ ನಮ್ಮ ಕೈಯಲ್ಲಿದೆ, ಅದರ ಸ್ವಭಾವವೇನು ಎಂಬುದನ್ನು ಬಿತ್ತುವ ಮೊದಲೇ ಅರಿಯಬೇಕಾದದ್ದು ನಮ್ಮ ಕರ್ತವ್ಯ.

ಬೀಜದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಮಳೆಗಾಲದಲ್ಲಿ ಬೆಳೆದ ಅನೇಕ ಗಿಡಗಳ ಬೀಜ ಬಲಿತು ಒಣಗುವುದು ಚಳಿಗಾಲದಲ್ಲಿಯೇ. ಚೆನ್ನಾಗಿ ಫಲಕೊಟ್ಟ ಗಿಡದಲ್ಲಿ ಎರಡು ಕಾಯಿಗಳನ್ನು ಕೀಳದೆ ಬಿಟ್ಟು, ಬಲಿತ ಮೇಲೆ ನೆರಳಿನಲ್ಲಿ ಒಣಗಿಸಿ, ಬೂದಿಯೊಡನೆ ಬೆರೆಸಿ ಮಡಕೆಯಲ್ಲಿಡುವ ಪದ್ಧತಿ ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಸಂಕರ ಬೀಜದಿಂದ ಬೆಳೆದ ಗಿಡದ ಬೀಜವನ್ನು ಮರುವರ್ಷ ಬಿತ್ತಿದರೆ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ನಾಟಿ ಬೀಜದಲ್ಲಿ ಬಹುಮಟ್ಟಿಗೆ ಬರುತ್ತದೆ. ಉಡುಪಿಯ ಬಳಿಯ ಮಟ್ಟು ಎಂಬ ಗ್ರಾಮದ ಗುಳ್ಳ ಬದನೆ ಇಂದಿಗೂ ಉಳಿದು, 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನು ಪಡೆದಿದೆ. ಅದರ ಮೂಲಬೀಜವನ್ನು ವಾದಿರಾಜರು ಕೊಟ್ಟರೆಂಬುದು ಅಲ್ಲಿಯ ಐತಿಹ್ಯ. ಕೊಟ್ಟವರು ಯಾರೇ ಇರಲಿ, ವರ್ಷವರ್ಷವೂ ಬೀಜವನ್ನು ಎತ್ತಿಟ್ಟ ಹೆಸರಿಲ್ಲದ ಬೆಳೆಗಾರರು ಇಲ್ಲದಿದ್ದರೆ ಆ ತಳಿ ನಮ್ಮ ಕಾಲದವರೆಗೆ ಬರುತ್ತಿರಲಿಲ್ಲ.

ಮುಂದಾಲೋಚನೆಯು ನಮ್ಮವರಿಗೆ ಹೊಸದೇನೂ ಅಲ್ಲ. ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ವೆಂಬ ಗ್ರಂಥವು ನೆಲದೊಳಗಿನ ನೀರನ್ನು ಕಂಡುಹಿಡಿಯುವ ಬಗೆಯನ್ನೂ ವೃಕ್ಷಾಯುರ್ವೇದವನ್ನೂ ಒಳಗೊಂಡಿದೆ. ಗಿಡದ ವಿದ್ಯೆಯೂ ನೀರಿನ ವಿದ್ಯೆಯೂ ಒಂದೇ ಹೊತ್ತಗೆಯಲ್ಲಿ ಕೂಡಿಕೊಂಡಿರುವುದು ಅರ್ಥಪೂರ್ಣವಾಗಿದೆ. ಇತ್ತೀಚಿನ ಇತಿಹಾಸದಲ್ಲಿ, 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಜಿ. ಎಚ್. ಕೃಂಬಿಗಲ್ ಅವರ ಹೆಸರನ್ನು ಇಲ್ಲಿ ನೆನೆಯಬೇಕು. ಒಂದು ಜಾತಿಯ ಮರ ಹೂವುದುರಿಸುವಾಗ ಇನ್ನೊಂದು ಜಾತಿ ಅರಳುವಂತೆ, ವರ್ಷದ ಬಹುಕಾಲ ನಗರದ ಯಾವುದಾದರೂ ಬೀದಿ ಹೂವಿನಿಂದ ತುಂಬಿರುವಂತೆ ಮರಗಳನ್ನು ಆರಿಸಿ ನೆಡಿಸಿದ ಕೀರ್ತಿ ಅವರದು. ಮರ ನೆಡುವಾಗ ಅದು ಹೂಬಿಡುವ ತಿಂಗಳನ್ನು ಯೋಚಿಸಿದ ಆ ದೃಷ್ಟಿ ಒಂದು ನಗರಕ್ಕೆ ಸಾಧ್ಯವಾದುದಾದರೆ, ಒಂದು ಹಿತ್ತಲಿಗೆ ಏಕೆ ಸಾಧ್ಯವಾಗಬಾರದು?

ಇಷ್ಟೆಲ್ಲ ತೊಡಕೇಕೆ, ಹತ್ತು ರೂಪಾಯಿಗೋ ಇಪ್ಪತ್ತು ರೂಪಾಯಿಗೋ ಸಂತೆಯಲ್ಲಿ ಸೊಪ್ಪು ಸಿಗುವುದಿಲ್ಲವೇ, ಎಂದು ಕೆಲವರು ಕೇಳಬಹುದು. ಸಿಗುತ್ತದೆ, ನಿಜ. ಹಿತ್ತಲು ಯಾರನ್ನೂ ಶ್ರೀಮಂತರನ್ನಾಗಿ ಮಾಡುವುದಿಲ್ಲ. ಆದರೆ ಒಂದು ಹಿಡಿ ಸೊಪ್ಪಿನ ಹಿಂದೆ ಎಷ್ಟು ಕೊಡ ನೀರು, ಎಷ್ಟು ದಿನದ ಆರೈಕೆ ಇದೆ ಎಂಬುದು ಬೆಳೆದವನಿಗಲ್ಲದೆ ತಿಳಿಯದು. ಅದನ್ನು ತಿಳಿದವನು ತಟ್ಟೆಯಲ್ಲಿ ಅನ್ನ ಬಿಡುವುದಿಲ್ಲ; ಸಂತೆಯಲ್ಲಿ ಬಿಸಿಲಿಗೆ ಕುಳಿತ ರೈತಮಹಿಳೆಯೊಡನೆ ಒಂದು ರೂಪಾಯಿಗಾಗಿ ಜಗಳವಾಡುವುದೂ ಇಲ್ಲ.

ನಮಗೆ ಹಿತ್ತಲೇ ಇಲ್ಲವಲ್ಲ, ಎಂದು ನಗರದ ವಿದ್ಯಾರ್ಥಿಗಳು ಹೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಬಾಡಿಗೆಯ ಎರಡು ಕೋಣೆಗಳಲ್ಲಿ ಬಾಳುವ ಕುಟುಂಬಕ್ಕೆ ಹಿತ್ತಲನ್ನು ಬೋಧಿಸುವುದು ಹಸಿದವನಿಗೆ ಪಾಕಶಾಸ್ತ್ರವನ್ನು ಓದಿ ಹೇಳಿದಂತಾದೀತು. ಆದರೂ ಒಂದು ಕಿಟಕಿ, ಎರಡು ಹಳೆಯ ಡಬ್ಬ, ಒಂದು ತಂಬಿಗೆ ಅಕ್ಕಿ ತೊಳೆದ ನೀರು ಇಷ್ಟಿದ್ದರೆ ದೊಡ್ಡಪತ್ರೆ ಬೆಳೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅನೇಕ ಶಾಲೆಗಳಿಗೆ ಹಿತ್ತಲಿದೆ. ಮನೆಯಲ್ಲಿ ನೆಲವಿಲ್ಲದ ಮಕ್ಕಳಿಗೆ ಶಾಲೆಯ ನೆಲವೇ ಹಿತ್ತಲಾಗಬೇಕು.

ಶಾಲೆಯ ಹೆಸರನ್ನೆತ್ತಿದ ಮೇಲೆ ವನಮಹೋತ್ಸವವನ್ನು ಕುರಿತು ಎರಡು ಮಾತು ಹೇಳದಿರಲಾರೆ. 1950ರಲ್ಲಿ ಕೆ. ಎಂ. ಮುನ್ಷಿಯವರು ಈ ಉತ್ಸವವನ್ನು ದೇಶದಲ್ಲೆಲ್ಲ ಆರಂಭಿಸಿದಂದಿನಿಂದ ಪ್ರತಿ ಜುಲೈನಲ್ಲಿಯೂ ಶಾಲೆಗಳಲ್ಲಿ ಸಸಿಗಳನ್ನು ನೆಡುತ್ತ ಬಂದಿದ್ದೇವೆ. ಉತ್ಸವ ಶ್ಲಾಘ್ಯವಾದುದು. ಆದರೆ ಅಧ್ಯಾಪಕನಾಗಿ ಕಳೆದ ವರ್ಷಗಳಲ್ಲಿ ನಾನು ಕಂಡದ್ದೇನೆಂದರೆ, ಜುಲೈನಲ್ಲಿ ಭಾಷಣದೊಡನೆ ನೆಟ್ಟ ಸಸಿಗಳಲ್ಲಿ ಬಹಳಷ್ಟು ಏಪ್ರಿಲಿನಲ್ಲಿ ಮೌನವಾಗಿ ಒಣಗಿಹೋಗುತ್ತವೆ. ಬೇಸಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ. ನೀರೆರೆಯುವವರಾರು ಎಂಬ ಪ್ರಶ್ನೆಯನ್ನು ಡಿಸೆಂಬರಿನಲ್ಲಿ ಯಾರೂ ಕೇಳಿರುವುದಿಲ್ಲ. ನೆಡುವುದು ಒಂದು ದಿನದ ಕೆಲಸ, ಉಳಿಸುವುದು ವರ್ಷದ ಕೆಲಸ. ವಿದ್ಯಾರ್ಥಿಗಳು ಚಳಿಗಾಲದಲ್ಲಿಯೇ ರಜೆಯ ಪಾಳಿಪಟ್ಟಿಯನ್ನು ಬರೆದು, ಹತ್ತಿರದ ಮನೆಯವರು ಯಾವ ಯಾವ ವಾರ ಬರುವರೆಂದು ನಿಶ್ಚಯಿಸಿ, ಬುಡಗಳಿಗೆ ತರಗೆಲೆ ಹೊದಿಸಿಟ್ಟರೆ ಅನೇಕ ಸಸಿಗಳ ಪ್ರಾಣ ಉಳಿಯುತ್ತದೆ.

ಯೋಜನೆ ಹಾಕಿದಂತೆಯೇ ಎಲ್ಲವೂ ನಡೆಯುತ್ತದೆಂದು ನಾನು ಹೇಳುವುದಿಲ್ಲ. ಅಕಾಲದ ಆಲಿಕಲ್ಲು ಬೀಳಬಹುದು, ಹೇನು ಮುತ್ತಬಹುದು, ನೆರೆಮನೆಯ ಹಸು ಬೇಲಿ ದಾಟಬಹುದು. ಪ್ರಕೃತಿಯು ನಮ್ಮ ಕಾಗದವನ್ನು ಓದಿ ನಡೆಯುವುದಿಲ್ಲ. ಆದರೆ ಯೋಚಿಸಿ ಬಿತ್ತಿದವನಿಗೆ ಎಲ್ಲಿ ತಪ್ಪಿತು ಎಂಬುದಾದರೂ ತಿಳಿಯುತ್ತದೆ. ಯೋಚಿಸದೆ ಬಿತ್ತಿದವನಿಗೆ ಅದೃಷ್ಟವನ್ನು ಹಳಿಯುವುದಲ್ಲದೆ ಬೇರೆ ದಾರಿಯಿಲ್ಲ. ಮುಂದಿನ ಚಳಿಗಾಲದಲ್ಲಿ ಅದೇ ಕಾಗದವನ್ನು ಬಿಚ್ಚಿ, ತಿದ್ದಿ, ಮತ್ತೆ ಬರೆಯಬಹುದು. ಹೀಗೆ ನಾಲ್ಕಾರು ವರ್ಷಗಳ ಕಾಗದಗಳು ಕೂಡಿದಾಗ ಅವು ನಿಮ್ಮ ಊರಿನ, ನಿಮ್ಮ ಮಣ್ಣಿನ ಬಗ್ಗೆ ಯಾವ ಅಚ್ಚಾದ ಪುಸ್ತಕದಲ್ಲಿಯೂ ಸಿಗದ ತಿಳಿವಳಿಕೆಯ ಭಂಡಾರವಾಗುತ್ತವೆ.

ಆದುದರಿಂದ ವಿದ್ಯಾರ್ಥಿಗಳೇ, ಈ ಡಿಸೆಂಬರಿನ ಒಂದು ಭಾನುವಾರ ನೋಟುಪುಸ್ತಕವೊಂದನ್ನೂ ಅಳತೆಯ ಪಟ್ಟಿಯೊಂದನ್ನೂ ಹಿಡಿದು ಮನೆಯ ಹಿಂದಕ್ಕೋ ಶಾಲೆಯ ಹಿಂದಕ್ಕೋ ಹೋಗಿರಿ. ನೆಲದ ಉದ್ದ ಅಗಲಗಳನ್ನು ಅಳೆಯಿರಿ. ಗೋಡೆಯ ನೆರಳು ಎಲ್ಲಿಯವರೆಗೆ ಬೀಳುತ್ತದೆಂಬುದನ್ನು ಗುರುತು ಮಾಡಿರಿ. ಒಂದು ವಾರ ನೀರನ್ನು ಲೆಕ್ಕ ಹಾಕಿರಿ. ಆ ಮೇಲೆ, ನೀರು ಎಷ್ಟಿದೆಯೋ ಅಷ್ಟೇ ಗಿಡಗಳ ಹೆಸರುಗಳನ್ನು ಕೆಳಗೆ ಬರೆಯಿರಿ. ಪಟ್ಟಿ ಚಿಕ್ಕದಾಗಿದೆಯೆಂದು ಬೇಸರಪಡಬೇಡಿ. ನಾಲ್ಕೇ ಗಿಡಗಳಾದರೂ ಮೇ ತಿಂಗಳ ಬಿಸಿಲಿನಲ್ಲಿ ಅವು ಹಸುರಾಗಿಯೇ ನಿಂತಿದ್ದರೆ, ಮೊದಲ ಮುಂಗಾರು ಮಳೆ ಅವುಗಳ ಮೇಲೆ ಬೀಳುವುದನ್ನು ನೋಡುವ ಹಕ್ಕು ನಿಮ್ಮದಾಗುತ್ತದೆ.